ಚೌಕಿಯ ಕತ್ತಲೆ ಕಾಗದದಲ್ಲಿ ಉಳಿಯಬೇಕು, ಪ್ರಿಂಟ್ ಎಲ್ಲಿ ಹಾಕಿಸಲಿ?

ನೀರ್ಚಾಲಿನವಳು:

ನಮಸ್ಕಾರ. ಪ್ರದರ್ಶನಕ್ಕೆ ದೊಡ್ಡ ಫೋಟೋ ಪ್ರಿಂಟ್ ಹಾಕಿಸಿ ಅನುಭವ ಇದ್ದವರು ದಯವಿಟ್ಟು ಒಂದು ದಾರಿ ಹೇಳಿ.

ಹೋದ ದೀಪಾವಳಿಯಿಂದ ಈ ಪತ್ತನಾಜೆಯವರೆಗೆ (ಮೇ ಕೊನೆಗೆ ಮೇಳಗಳು ತಿರುಗಾಟ ಮುಗಿಸುವ ದಿನ) ಯಕ್ಷಗಾನ ಆಟ ಇದ್ದಲ್ಲೆಲ್ಲ ಹೋಗಿ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ಫೋಟೋ ತೆಗೆದಿದ್ದೇನೆ. ರಂಗಸ್ಥಳದ್ದು ಒಂದೂ ಇಲ್ಲ. ಅದರಲ್ಲಿ ಹನ್ನೆರಡನ್ನು ಆರಿಸಿ ಮಳೆಗಾಲದ ಆಟಿ ತಿಂಗಳಲ್ಲಿ ಹತ್ತು ದಿನ ನಮ್ಮ ಕಡೆಯ ಒಂದು ಹಳೇ ಶಾಲೆಯ ಹಾಲಿನಲ್ಲಿ ತೂಗುಹಾಕಲು ಒಪ್ಪಿಗೆ ಸಿಕ್ಕಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಗೆ ಹತ್ತಿರ. ನೋಡಲು ಬರುವವರು ಆಟ ನೋಡಿಯೇ ಬೆಳೆದವರು, ಚಿಟ್ಟಿಯ (ಮುಖದ ಮೇಲೆ ಹಿಟ್ಟಿನಲ್ಲಿ ಇಡುವ ಬಿಳಿ ಮುಳ್ಳುಗಳು) ಸಾಲು ಒಂದು ಓರೆಯಾದರೂ ಅವರಿಗೆ ಗೊತ್ತಾಗುತ್ತದೆ.

ಮುಖ್ಯ ಚಿತ್ರ ನನ್ನ ಸೋದರಮಾವನದ್ದು. ನಲವತ್ತು ವರ್ಷ ಬಣ್ಣದ ವೇಷ, ಎಂದರೆ ರಾಕ್ಷಸ ಪಾತ್ರ, ಮಾಡಿದವರು, ಮೊಣಗಂಟು ಕೇಳುವುದಿಲ್ಲ ಎಂದು ಈ ತಿರುಗಾಟ ಮುಗಿಸಿ ನಿಲ್ಲಿಸಿದರು. ಒಂದೇ ಬಲ್ಬು, ಕೈಗನ್ನಡಿ. ಬಲ ಕೆನ್ನೆಯಲ್ಲಿ ಚಿಟ್ಟಿ ಇಟ್ಟು ಮುಗಿದಿದೆ, ಎಡ ಕೆನ್ನೆಯಲ್ಲಿ ಕೆಂಪು ಮಾತ್ರ. ಕಡ್ಡಿಯ ತುದಿಯಲ್ಲಿ ಅಕ್ಕಿಹಿಟ್ಟು ಸುಣ್ಣದ ಒಂದು ಹನಿ, ಇನ್ನೇನು ಚರ್ಮಕ್ಕೆ ತಾಗಬೇಕು. ಹಿಂದೆ ಪೂರ್ತಿ ಕತ್ತಲೆ. ಕ್ಯಾಮೆರಾ 24 ಮೆಗಾಪಿಕ್ಸೆಲ್, ಐಎಸ್‌ಒ 3200, ರಾ ಫೈಲ್ (ಕ್ಯಾಮೆರಾ ಹಿಡಿದದ್ದು ಹಿಂಡದೆ ಹಾಗೇ ಇರುವ ಫೈಲ್) ಇದೆ.

ಇದನ್ನು ಪೇಟೆಯ ಒಂದು ಸ್ಟುಡಿಯೋದಲ್ಲಿ 12×18 ಇಂಚಿಗೆ ಹಾಕಿಸಿದೆ. ಬಂದದ್ದು ನೋಡಿ ಕಣ್ಣಲ್ಲಿ ನೀರು ಬಂತು. ಕತ್ತಲೆ ಇದ್ದ ಜಾಗ ಬೂದು ಬಣ್ಣ. ಹಿಂದೆ ಇದ್ದ ಪೆಟ್ಟಿಗೆ, ಹಗ್ಗ, ಯಾರದೋ ಲುಂಗಿ ಎಲ್ಲ ಎದ್ದು ಮುಂದೆ ಬಂದಿವೆ. ಚಿಟ್ಟಿಗಳು ಒಂದಕ್ಕೊಂದು ಕೂಡಿ ಬಿಳಿ ಪಟ್ಟಿಯಾಗಿವೆ. ಮಾವ ನೋಡಿ, "ಸುಣ್ಣ ಬಳಿದ ಹಾಗೆ ಉಂಟಲ್ಲ ಮಗಾ" ಎಂದರು. ಮೂರು ಗಂಟೆ ಕೂತು ಒಂದೊಂದಾಗಿ ಇಟ್ಟದ್ದು ಅದು. ಇನ್ನೊಂದು ಕಡೆ ಕೇಳಿದರೆ ಫ್ಲೆಕ್ಸಿನಲ್ಲಿ ಹಾಕಿಕೊಡುತ್ತೇವೆ, ಮಳೆಗೂ ತೊಂದರೆ ಇಲ್ಲ ಎಂದರು.

ಕಾಸರಗೋಡಿನಲ್ಲೇ ಹಾಕಿಸಲೇ, ಮಂಗಳೂರಿಗೆ ಹೋಗಲೇ, ಬೆಂಗಳೂರಿಗೆ ಫೈಲ್ ಕಳಿಸಿ ಕೊರಿಯರಿನಲ್ಲಿ ತರಿಸಲೇ? ಯಾವ ಕಾಗದ? ಎಷ್ಟು ದೊಡ್ಡದು ಮಾಡಬಹುದು?

ಹಳೇ ಲ್ಯಾಬಿನವ:

ನಾನು ಮಂಗಳೂರಿನಲ್ಲಿ ಹದಿನಾಲ್ಕು ವರ್ಷ ಲ್ಯಾಬಿನಲ್ಲಿ ಇದ್ದೆ, ಈಗ ಊರಲ್ಲಿ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಪ್ರಿಂಟಿಗೆ ಏನಾಗಿದೆ ಎಂದು ಓದುವಾಗಲೇ ಗೊತ್ತಾಯಿತು. ಆಟೋ ಕರೆಕ್ಷನ್. ಮದುವೆ ಫೋಟೋ ಹಾಕುವ ಮೆಷಿನ್‌ಗೆ ಕತ್ತಲೆ ಎಂದರೆ ತಪ್ಪು, ಅದು ಎತ್ತಿಬಿಡುತ್ತದೆ. ಅಲ್ಲಿರುವ ಹುಡುಗನಿಗೆ ಹೇಳದಿದ್ದರೆ ಅವನು ಅದನ್ನು ಆಫ್ ಮಾಡುವುದಿಲ್ಲ, ಯಾಕೆಂದರೆ ಉಳಿದ ಗಿರಾಕಿಗಳಿಗೆ ಮುಖ ಬೆಳ್ಳಗೆ ಬರಬೇಕು.

ಹಾಗಾಗಿ ಊರು ಯಾವುದು ಎಂದು ಆಮೇಲೆ ನೋಡಿ. ಮೊದಲು ಫೋನ್ ಮಾಡಿ ಕೇಳಬೇಕಾದದ್ದು ಎರಡು. "ಕರೆಕ್ಷನ್ ಇಲ್ಲದೆ ಹಾಕುತ್ತೀರಾ?" "ಟೆಸ್ಟ್ ಸ್ಟ್ರಿಪ್ ಕೊಡುತ್ತೀರಾ?" ಎರಡನೆಯದಕ್ಕೆ ತಡವರಿಸಿದವರನ್ನು ಬಿಟ್ಟುಬಿಡಿ, ಎಷ್ಟು ಕಡಿಮೆಗೆ ಕೊಟ್ಟರೂ. ಸ್ಟ್ರಿಪ್ ಎಂದರೆ ಇಡೀ ಚಿತ್ರವನ್ನು ಸಣ್ಣದು ಮಾಡಿ ಹಾಕುವುದಲ್ಲ. ಕೊನೆಗೆ ಎಷ್ಟು ದೊಡ್ಡದು ಬೇಕೋ ಅದೇ ಅಳತೆಯಲ್ಲಿ ಕೆನ್ನೆ, ಕಡ್ಡಿ, ಹಿಂದಿನ ಕತ್ತಲೆ ಮೂರೂ ಬರುವ ಹಾಗೆ ನಾಲ್ಕಿಂಚು ಅಗಲದ ತುಂಡು. ಸಣ್ಣ ಪ್ರಿಂಟಿನಲ್ಲಿ ಚಿಟ್ಟಿ ಚೂಪಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ.

ಅಳತೆ: ನಿಮ್ಮ ಫೈಲು 6000×4000 ಪಿಕ್ಸೆಲ್ ಇರಬೇಕು. 20×30 ಇಂಚಿಗೆ ಹಾಕಿದರೆ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ. ಲ್ಯಾಬಿನವರು 300 ಬೇಕು ಎನ್ನುತ್ತಾರೆ, ಅದು ಕೈಯಲ್ಲಿ ಹಿಡಿದು ನೋಡುವ ಫೋಟೋದ ಲೆಕ್ಕ. ಒಂದು ಮೀಟರ್ ದೂರದಿಂದ ನಮ್ಮ ಕಣ್ಣು ಬಿಡಿಸಿ ನೋಡುವುದು ಸುಮಾರು 0.3 ಮಿಲಿಮೀಟರ್, ಅದಕ್ಕೆ ಇಂಚಿಗೆ 90 ಪಿಕ್ಸೆಲ್ ಇದ್ದರೂ ನಡೆಯುತ್ತದೆ. ಆದರೆ ನಿಮ್ಮ ಜನ ಚಿಟ್ಟಿ ನೋಡಲು ಹತ್ತಿರ ಬರುತ್ತಾರೆ. 20×30ಕ್ಕೆ ನಿಲ್ಲಿಸಿ. ಐಎಸ್‌ಒ 3200ರಲ್ಲಿ ತೆಗೆದದ್ದರ ಕಾಳುಕಾಳು ಪರದೆಯಲ್ಲಿ ಕಾಣುವಷ್ಟು ಕಾಗದದಲ್ಲಿ ಕಾಣುವುದಿಲ್ಲ, ಅದನ್ನು ಪೂರ್ತಿ ಉಜ್ಜಿ ತೆಗೆಯಬೇಡಿ, ಚರ್ಮ ಪ್ಲಾಸ್ಟಿಕ್ ಆಗುತ್ತದೆ.

ಕಾಗದ: ಪಿಗ್ಮೆಂಟ್ ಇಂಕಿನ ದೊಡ್ಡ ಎಪ್ಸನ್ ಅಥವಾ ಕ್ಯಾನನ್ ಮೆಷಿನ್ ಇರುವವರಲ್ಲಿ ಹೋದರೆ ಎಲ್ಲರೂ ಮೊದಲು ತೋರಿಸುವುದು ಹಾನೆಮ್ಯೂಲೆ ಫೋಟೋ ರ್‍ಯಾಗ್ 308. ಪೂರ್ತಿ ಹತ್ತಿಯ ಕಾಗದ, ಮುಟ್ಟಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಅದು ಮ್ಯಾಟ್, ಹೊಳಪಿಲ್ಲದ್ದು. ಮ್ಯಾಟ್ ಕಾಗದದಲ್ಲಿ ಕಪ್ಪು ಒಂದು ಮಟ್ಟಕ್ಕಿಂತ ಆಳಕ್ಕೆ ಹೋಗುವುದಿಲ್ಲ, ಇದ್ದಿಲಿನ ಹಾಗೆ ಕೂರುತ್ತದೆ. ನಿಮ್ಮ ಚಿತ್ರದ ಜೀವವೇ ಕತ್ತಲೆ. ಬರೈಟಾ ಎಂಬ ಕಾಗದ ಕೇಳಿ. ಅದೇ ಕಂಪನಿಯದ್ದು ಫೋಟೋ ರ್‍ಯಾಗ್ ಬರೈಟಾ 315 ಇದೆ, ಸಣ್ಣ ಹೊಳಪು, ಕಪ್ಪು ಬಾವಿಯಷ್ಟು ಆಳ.

ಬಣ್ಣದ ವೇಷದ ಕೆಂಪಿನ ಬಗ್ಗೆ ಒಂದು ಮಾತು. ಫೈಲನ್ನು ಅಡೋಬ್ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ಕಳಿಸಿದರೆ ಕೆಂಪು ಹೆಚ್ಚು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ಹೆಚ್ಚು ಸಿಗುವುದು ಹಸಿರು, ನೀಲಿಹಸಿರಿನ ಕಡೆ. ಕೆಂಪು ಮಾಮೂಲಿ ವ್ಯವಸ್ಥೆ ಎಸ್‌ಆರ್‌ಜಿಬಿಯಷ್ಟೇ. ರಾ ತೆರೆದು ರೆಡ್ ಚಾನೆಲಿನ ಹಿಸ್ಟೋಗ್ರಾಂ (ಕೆಂಪು ಎಲ್ಲಿ ಎಷ್ಟಿದೆ ಎಂದು ತೋರಿಸುವ ಗ್ರಾಫ್) ಬಲಗಡೆ ಗೋಡೆಗೆ ಒರಗಿದೆಯಾ ನೋಡಿ. ಒರಗಿದ್ದರೆ ಕೆನ್ನೆಯ ಕೆಂಪು ಒಂದೇ ಮುದ್ದೆಯಾಗುತ್ತದೆ, ಅಲ್ಲೇ ಇಳಿಸಿ. ಹಾಗೆಯೇ ಚಿಟ್ಟಿಯ ಬಿಳಿ 255ಕ್ಕೆ, ಎಂದರೆ ಪೂರ್ತಿ ಬಿಳಿಗೆ, ಮುಟ್ಟಬಾರದು. ಅಲ್ಲಿ ಇಂಕೇ ಬೀಳುವುದಿಲ್ಲ, ಬರೇ ಕಾಗದ ಉಳಿಯುತ್ತದೆ. 245ರ ಆಸುಪಾಸು ಇರಲಿ, ಆಗ ಹಿಟ್ಟಿನ ಮುಳ್ಳು ಎದ್ದು ನಿಲ್ಲುತ್ತದೆ.

ಮತ್ತೆ, ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಮಾಡಿ ಕಳಿಸಬೇಡಿ. ಅದು ಹಿಂಡಿ ಸಣ್ಣ ಮಾಡುತ್ತದೆ.

ಕುಂಬಳೆ ಕಡಲು:

ಮೇಲೆ ಹೇಳಿದ್ದು ಸರಿ, ಆದರೆ ಹನ್ನೆರಡನ್ನೂ ಬರೈಟಾದಲ್ಲಿ ಹಾಕಿಸಿದರೆ ಖರ್ಚು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಹತ್ತು ದಿನದ ಪ್ರದರ್ಶನ. ಉಳಿದ ಹನ್ನೊಂದನ್ನು ಮಾಮೂಲಿ ಲ್ಯಾಬಿನ ಸಿಲ್ವರ್ ಹಾಲೈಡ್ ಕಾಗದದಲ್ಲಿ, ಫ್ಯೂಜಿ ಕ್ರಿಸ್ಟಲ್ ಆರ್ಕೈವ್ ಅಥವಾ ಅಂಥದ್ದರಲ್ಲಿ, ಲಸ್ಟರ್ ಫಿನಿಶ್ (ಅರೆ ಹೊಳಪು) ಕೇಳಿ 12×18 ಹಾಕಿಸಿ. ಕರೆಕ್ಷನ್ ಇಲ್ಲದೆ ಹಾಕಿದರೆ ಅದರಲ್ಲೂ ಕಪ್ಪು ಚೆನ್ನಾಗಿಯೇ ಬರುತ್ತದೆ, ಅದಕ್ಕೆ ಎಸ್‌ಆರ್‌ಜಿಬಿ ಜೆಪೆಗ್ ಸಾಕು. ನನ್ನ ಕಡಲಿನ ಚಿತ್ರಗಳೆಲ್ಲ ಹಾಗೇ ಹಾಕಿಸಿದ್ದು. ಮಾವನ ಚಿತ್ರಕ್ಕೆ ಮಾತ್ರ ದುಡ್ಡು ಹಾಕಿ. ಎರಡು ಥರದ ಕಾಗದ ಒಂದರ ಪಕ್ಕ ಒಂದು ಬಂದರೆ ಕಣ್ಣಿಗೆ ಹೊಡೆಯುತ್ತದೆ, ಅದನ್ನು ಬೇರೆ ಗೋಡೆಯಲ್ಲಿ ಒಂದೇ ಇಡಿ.

ಮುಳ್ಳೇರಿಯದ ಫ್ರೇಮಿನವ:

ಪ್ರಿಂಟಿನ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಆಟಿಯ ಬಗ್ಗೆ ಹೇಳುತ್ತೇನೆ. ಹಳೇ ಶಾಲೆ ಎಂದರೆ ಮುರಕಲ್ಲಿನ ಗೋಡೆ ಇರಬೇಕು. ಜುಲೈಯಲ್ಲಿ ಅದಕ್ಕೆ ಅಂಗೈ ಇಟ್ಟು ನೋಡಿ, ತಂಪು ಹತ್ತುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಒಂದೊಂದು ಸೆಂಟಿಮೀಟರ್ ದಪ್ಪದ ಕಾರ್ಕಿನ ತುಂಡು ಅಂಟಿಸಿ, ಗಾಳಿ ಆಡಲಿ.

ಗಾಜು ಪ್ರಿಂಟಿಗೆ ತಾಗಲೇಬಾರದು. ತೇವದಲ್ಲಿ ತಾಗಿ ಕೂತ ಫೋಟೋ ಗಾಜು ಬಿಟ್ಟು ಬರುವುದಿಲ್ಲ. ಒಂದೇ ಒಂದು ಪ್ರತಿ ಇದ್ದ ಅಜ್ಜನ ಫೋಟೋವನ್ನು ಹಾಗೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದವರು ಎಷ್ಟು ಜನ. ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಇರಲಿ. ಪ್ರಿಂಟನ್ನು ಸನ್‌ಬೋರ್ಡಿಗೆ ಪೂರ್ತಿ ಅಂಟಿಸಲು ಬಿಡಬೇಡಿ, ಮೇಲಿನ ಅಂಚಿನಲ್ಲಿ ಮಾತ್ರ ಟೇಪಿನಲ್ಲಿ ತೂಗಿಸಿ. ಮಳೆಗೆ ಕಾಗದ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು.

ಹಾಲಿನಲ್ಲಿ ಟ್ಯೂಬ್‌ಲೈಟ್ ಇದ್ದರೆ ಕತ್ತಲೆಯ ಚಿತ್ರದ ಗಾಜಿನಲ್ಲಿ ನೋಡುವವರಿಗೆ ಅವರದೇ ಮುಖ ಕಾಣುತ್ತದೆ. ಆ ಸಾಲು ಆರಿಸಿ, ಮೇಲಿಂದ ಓರೆಯಾಗಿ ಒಂದು ಎಲ್‌ಇಡಿ ಬಿಡಿ. ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚು ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನೇ ತನ್ನಿ. ಕಡಿಮೆಯದ್ದರ ಕೆಳಗೆ ಕೆಂಪು ಕಂದಾಗಿ ಕಾಣುತ್ತದೆ.

ನೀರ್ಚಾಲಿನವಳು:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಐದು ಕಡೆ ಫೋನ್ ಮಾಡಿದೆ. ಸ್ಟ್ರಿಪ್ ಎಂದ ಕೂಡಲೇ ಮೂವರು "ನಮ್ಮಲ್ಲಿ ಹಾಗೆಲ್ಲ ಇಲ್ಲ" ಎಂದರು. ಮಂಗಳೂರಿನ ಒಬ್ಬರು ಮಾತ್ರ "ಯಾವ ಭಾಗ ಬೇಕು, ನೀವೇ ಗುರುತು ಮಾಡಿ ತನ್ನಿ" ಎಂದರು. ಅಲ್ಲಿಗೇ ಹೋದೆ. ಬರೈಟಾ ಒಂದು, ಮ್ಯಾಟ್ ಒಂದು, ಎರಡು ತುಂಡು ಹಾಕಿಸಿದೆ.

ಮೊದಲ ಸಲದ್ದು ತುಂಬಾ ಕಪ್ಪಾಗಿತ್ತು. ನನ್ನ ಲ್ಯಾಪ್‌ಟಾಪಿನ ಬೆಳಕು ಜಾಸ್ತಿ ಎಂದು ಅವರೇ ಹೇಳಿಕೊಟ್ಟರು. ಪರದೆಯ ಪಕ್ಕ ಬಿಳಿ ಕಾಗದ ಹಿಡಿದು ಎರಡೂ ಒಂದೇ ಬಿಳಿ ಆಗುವವರೆಗೆ ಬೆಳಕು ಇಳಿಸಿ, ಮತ್ತೆ ತಿದ್ದಿ ಕೊಟ್ಟೆ. ರೆಡ್ ಚಾನೆಲ್ ಗೋಡೆಗೆ ಒರಗಿಯೇ ಇತ್ತು, ಅದನ್ನೂ ಇಳಿಸಿದೆ.

ಎರಡನೇ ಸಲದ ತುಂಡುಗಳನ್ನು ನಿನ್ನೆ ಸಂಜೆ ಮಾವನ ಕೈಗೆ ಕೊಟ್ಟೆ. ಚಾವಡಿಯ ಬಲ್ಬಿನ ಕೆಳಗೆ ಕೂತು ಕನ್ನಡಕ ಹಾಕಿದರು. ಮ್ಯಾಟ್ ತುಂಡನ್ನು ಒಮ್ಮೆ ನೋಡಿ ಪಕ್ಕಕ್ಕೆ ಇಟ್ಟರು. ಬರೈಟಾದ ತುಂಡನ್ನು ಹಿಡಿದು ಕಿರುಬೆರಳಿನಲ್ಲಿ ಕೆನ್ನೆಯ ಸಾಲು ಎಣಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. "ಇಲ್ಲಿ ಒಂದು ಚಿಟ್ಟಿ ಒಡೆದು ಹೋಗಿತ್ತು ಆ ದಿನ, ಹಿಟ್ಟು ನೀರಾಗಿತ್ತು. ಕಾಣ್ತದೆ ನೋಡು." ನನಗೆ ಅದು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಹುಡುಕಿ ನೋಡಿದೆ, ಹೌದು, ತುದಿ ಮುರಿದ ಒಂದೇ ಒಂದು ಮುಳ್ಳು.

ಮಾವನದ್ದು 20×30 ಬರೈಟಾ, ಉಳಿದವು 12×18 ಲಸ್ಟರ್ ಎಂದು ತೀರ್ಮಾನ ಮಾಡಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಪೆನ್‌ಡ್ರೈವ್ ಹಿಡಿದು ಮಂಗಳೂರಿಗೆ ಹೊರಡುತ್ತೇನೆ. ಫ್ರೇಮಿನವರೇ, ಮೌಂಟ್ ಬೋರ್ಡ್ ಕಪ್ಪಿನದ್ದು ಹಾಕಲೇ, ಬಿಳಿಯದ್ದೇ?

ಮುಳ್ಳೇರಿಯದ ಫ್ರೇಮಿನವ:

ಬಿಳಿ ಬೇಡ, ಚಿಟ್ಟಿಯ ಬಿಳಿಗೆ ಅದು ಪೈಪೋಟಿ ಕೊಡುತ್ತದೆ. ಕಪ್ಪು ಹಾಕಿದರೆ ನಿಮ್ಮ ಕತ್ತಲೆ ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ಹಳೇ ಪಂಚೆಯ ಬಣ್ಣದ್ದು ಒಂದು ಬರುತ್ತದೆ, ಸ್ಟ್ರಿಪ್ ತೆಗೆದುಕೊಂಡು ಬನ್ನಿ, ಮೇಲೆ ಇಟ್ಟು ನೋಡುವ.