ಹಾವಿನ ಮೂಗಿನ್ಯಾಗ ಗುಳ್ಳಿ ಬರಾಕತ್ತಾವ, ಏನ್ ಮಾಡ್ಲಿ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ಡಾಕ್ಟರ್ ಸರ್, ನಮಸ್ಕಾರ್ರೀ. ನನ್ನ ಹತ್ರ ಒಂದು ಬಾಲ್ ಪೈಥಾನ್ (ಸಣ್ಣ ಜಾತಿ ಹೆಬ್ಬಾವು) ಐತ್ರಿ. ಮಳಿ ಹಿಡದಾಗಿಂದ ಉಸಿರು ಬಿಡೂಮುಂದ ಚಟ್ ಚಟ್ ಸಪ್ಪಳ ಬರತೈತಿ. ಈಗ ಮೂಗಿನ ಹೊಳ್ಳಿಯೊಳಗ ನೊರಿಯಂಥ ಗುಳ್ಳಿ, ಬಾಯಿ ತಕ್ಕೊಂಡು ತಲಿ ಮ್ಯಾಲೆತ್ತಿ ಕುಂದರತೈತಿ. ಇಲಿ ಕೊಟ್ರ ಮುಟ್ಟವಲ್ದು. ಮನ್ಯಾಗ ನೀಲಗಿರಿ ಎಣ್ಣಿ ಹಾಕಿ ಹಬೆ ಕೊಡು ಅಂತಾರ. ಕೊಡ್ಲ್ಯಾ?

ಉತ್ತರ (ಪಶುವೈದ್ಯರು): ಬ್ಯಾಡ್ರಿ! ಆ ಘಾಟಿಗೆ ಶ್ವಾಸನಾಳ ಇನ್ನಷ್ಟು ಕೆರಳತೈತಿ, ಹಬೆಗೆ ಮೈ ಸುಡತೈತಿ. ಬರೀ ಸಪ್ಪಳ ಇದ್ದಿದ್ರ ಪೊರೆ ಬಿಟ್ಟಾಗ ಹೊಳ್ಳಿಯೊಳಗ ಚೂರು ಉಳಿದೈತೇನೋ ಅಂತಿದ್ದೆ. ಗುಳ್ಳಿ, ತೆರೆದ ಬಾಯಿ, ಎತ್ತಿದ ತಲಿ ಕೂಡಿದ್ವು ಅಂದ್ರ ಸೋಂಕು ಅಂತನ ಹಿಡದು ನಡೀರಿ. ಹಾವಿಗೆ ನಮ್ಮಂಗ ವಪೆ (ಎದಿ-ಹೊಟ್ಟಿ ನಡುವಿನ ಸ್ನಾಯುವಿನ ಪರದೆ) ಇಲ್ಲ, ಜೋರಾಗಿ ಕೆಮ್ಮಿ ಕಫ ಹೊರಗ ಹಾಕಾಕ ಬರೂದಿಲ್ಲ. ಅದು ಒಳಗ ನಿಂತು ನ್ಯುಮೋನಿಯಾಕ್ಕ ತಿರಗತೈತಿ. ಪೆಟ್ಟಿಗ್ಯಾಗ ಬಿಸಿ ಎಷ್ಟೈತಿ?

ಪ್ರಶ್ನೆ: ಹಗಲಿಗೆ 27 ಡಿಗ್ರಿ, ರಾತ್ರಿ ಕರೆಂಟ್ ಹೋದ್ರ 22. ದಿನಾ ನೀರೂ ಚಿಮುಕಸ್ತೀನ್ರಿ.

ಉತ್ತರ: ಅಲ್ಲೇ ಐತಿ ನೋಡ್ರಿ ಬ್ಯಾನಿ. ಮಳಿಗಾಲದಾಗ ಬೆಳಗಾವಿ ಗಾಳೀನ ತೇವ, ಅದರ ಮ್ಯಾಲೆ ನೀರು ಯಾಕ? ಒಂದು ಬದಿ 31–32, ಇನ್ನೊಂದು ಬದಿ 26 ಡಿಗ್ರಿ ಇರ್ಲಿ, ತೇವಾಂಶ ಶೇ. 60ರ ಸುಮಾರು. ಒದ್ದಿ ಹಾಸು ತಗದು ಪೇಪರ್ ಹಾಕ್ರಿ, ಗಾಳಿ ಆಡ್ಲಿ. ಹೀಟ್ ಮ್ಯಾಟಿಗೆ (ಬಿಸಿ ಕೊಡೂ ಹಾಸಿಗೆ) ಬಿಸಿ ಹತೋಟಿಯೊಳಗ ಇಡೂ ಥರ್ಮೋಸ್ಟಾಟ್ ಬೇಕೇ ಬೇಕು. ಹಾವು ತನ್ನ ಮೈಶಾಖ ತಾನ ಹುಟ್ಟಿಸಿಕೊಳ್ಳೂದಿಲ್ಲ. ತಣ್ಣಗಿದ್ರ ರೋಗದ ಜೋಡಿ ಹೋರಾಡೂ ಶಕ್ತಿನೂ ಕುಗ್ಗತೈತಿ, ಔಷಧನೂ ಸರಿಯಾಗಿ ಹತ್ತೂದಿಲ್ಲ. ಹಂಗಂತ ಬರೀ ಬಿಸಿಗೆ ಇದು ಹೋಗೂದಿಲ್ಲ, ಚುಚ್ಚುಮದ್ದು ಬೇಕಾಗತೈತಿ. ವಾಸಿ ಆಗೂಮಟ ಇಲಿ ಕೊಡಬ್ಯಾಡ್ರಿ, ನೀರು ಇಡ್ರಿ.

ಇನ್ನೊಬ್ಬ ಸದಸ್ಯರು: ಹಾವು ಸಾಕೂದ ಅಪರಾಧ ಅಲ್ಲೇನ್ರಿ?

ಉತ್ತರ: ನಮ್ಮ ನೆಲದ ಹಾವಾದ್ರ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧನ. ಇದು ಆಫ್ರಿಕಾದ್ದು. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ್ಯಾಗ ನೋಂದಣಿ ಆಗಿರಬೇಕು. ಆಗಿರದಿದ್ರ ಅದನ್ನೂ ನೋಡ್ಕೋರಿ.

ಪ್ರಶ್ನೆ: ಆಗೇತ್ರಿ. ಆದ್ರ ನಮ್ಮ ಕಡಿ ಡಾಕ್ಟರು ದನಾ, ನಾಯಿ ನೋಡೋರು, ಹಾವಂದ್ರ ಒಲ್ಲೆ ಅಂತಾರ. ಗೆಳೆಯ ಸೆಫ್ಟಾಜಿಡಿಮ್ ಅನ್ನೂ ಆಂಟಿಬಯಾಟಿಕ್ ತಂದು ನೀನ ಚುಚ್ಚು ಅಂದ.

ಉತ್ತರ: ಔಷಧದ ಹೆಸರೇನೋ ಸರಿ, ಕೈ ಹಾಕಬ್ಯಾಡ್ರಿ. ಡೋಸು ಹಾವಿನ ತೂಕ ಎಷ್ಟು ಗ್ರಾಂ ಅನ್ನೂದರ ಲೆಕ್ಕದ ಮ್ಯಾಲೆ ಇರತೈತಿ. ಸಾಮಾನ್ಯವಾಗಿ 72 ತಾಸಿಗೊಮ್ಮೆ, ಮೈಯ ಮುಂದಿನ ಭಾಗದಾಗ ಚುಚ್ಚತಾರ. ವೈರಸ್ ಇದ್ರ ಆ ಔಷಧಿಂದ ವೈರಸ್ ಹೋಗೂದಿಲ್ಲ, ಕಫದ ಪರೀಕ್ಷೆ ಆಗಬೇಕು. ಬ್ಯಾರೆ ಹಾವಿದ್ರ ಬ್ಯಾರೆ ಕೋಲಿಯೊಳಗ ಇಡ್ರಿ. ಸರೀಸೃಪ ನೋಡೂ ವೈದ್ಯರು ಬೆಂಗಳೂರು, ಪುಣೆಯಂಥ ಊರಾಗ ಸಿಗತಾರ. ಅವರಿಗೆ ಉಸಿರಾಟದ ವಿಡಿಯೊ, ಇವತ್ತಿನ ತೂಕ ಕಳಸ್ರಿ. ಅವರು ಫೋನಿನ್ಯಾಗ ಹೇಳಿದ್ರ ಚುಚ್ಚಾಕ ನಿಮ್ಮ ಊರಿನ ಡಾಕ್ಟರೂ ಒಪ್ಪತಾರ, ಹಾವಿನ ತಲಿ ಮಾತ್ರ ನೀವ ಹಿಡೀಬೇಕಾಗತೈತಿ. ಬಾಯಿ ತಕ್ಕೊಂಡ ಉಸಿರಾಡೂದು ನಿಲ್ಲದಿದ್ರ ಫೋನಿನ ಹಾದಿ ಕಾಯಬ್ಯಾಡ್ರಿ. ಅರಿವಿ ಚೀಲದಾಗ ಹಾಕಿ, ತೂತಿರೂ ಡಬ್ಬಿಯೊಳಗ ಇಟ್ಟು, ಕಾರಿನ ಎಸಿ ಬಂದ್ ಮಾಡಿ ಹೊರಡ್ರಿ.