ಡೈಪರ್ ಜಾಗ ಕೆಂಪು ಕೆಂಪು, ಜಿಂಕ್ ಕ್ರೀಮ್ ಹಚ್ಚಿದ್ರೂ ಇಳೀತಿಲ್ಲ

ಪುಟ್ಟಿ ಅಮ್ಮ, ಮಂಡ್ಯ
8 ತಿಂಗಳ ಹೆಣ್ಣು ಮಗು. ಕಿವಿ ಸೋರ್ತಿದೆ ಅಂತ ಡಾಕ್ಟರ್ ಆಂಟಿಬಯಾಟಿಕ್ ಸಿರಪ್ ಕೊಟ್ಟಿದ್ರು. ಮೂರನೇ ದಿನದಿಂದ ದಿನಕ್ಕೆ ಆರೇಳು ಸಲ ತೆಳ್ಳಗೆ ಕಕ್ಕ. ಈಗ ಹಿಂದೆ ಮುಂದೆ ಎಲ್ಲಾ ಕೆಂಪು, ತೊಡೆಸಂದಿನ ಒಳಗೂ ಕೆಂಪು, ಅಂಚಲ್ಲಿ ರಾಗಿಕಾಳಷ್ಟು ಗುಳ್ಳೆ. ನಾಲ್ಕು ದಿನದಿಂದ ಜಿಂಕ್ ಆಕ್ಸೈಡ್ ಹಚ್ತಿದೀವಿ. ಮೆಡಿಕಲ್ ಸ್ಟೋರ್‌ನಲ್ಲಿ ಬೇರೆ ಟ್ಯೂಬ್ ಕೊಟ್ರು, ಅದರ ಮೇಲೆ ಕ್ಲೋಬೆಟಸಾಲ್, ನಿಯೋಮೈಸಿನ್, ಮೈಕೊನಜೋಲ್ ಅಂತಿದೆ. ಹಚ್ಬಹುದಾ? ಅತ್ತೆ ಪೌಡರ್ ಹಾಕು ಅಂತಾರೆ. ಹಗಲು ಹಳೇ ಪಂಚೆ ಬಟ್ಟೆ, ರಾತ್ರಿ ಡೈಪರ್. ಬಟ್ಟೆ ಒಗೆಯೋದು ಬೋರ್‌ವೆಲ್ ನೀರಲ್ಲಿ.

ಮಕ್ಕಳ ವಾರ್ಡ್ ಸಿಸ್ಟರ್, ಮೈಸೂರು
ಆ ಟ್ಯೂಬ್ ಮುಟ್ಟಬೇಡಮ್ಮ. ಕ್ಲೋಬೆಟಸಾಲ್ ಅಂದ್ರೆ ತುಂಬಾ ಸ್ಟ್ರಾಂಗ್ ಸ್ಟೀರಾಯ್ಡ್. ಮೇಲೆ ಡೈಪರ್ ಬಿಗಿದ್ರೆ ಇನ್ನೂ ಜಾಸ್ತಿ ಒಳಗೆ ಇಳಿಯುತ್ತೆ. ಎರಡು ದಿನ ಕೆಂಪು ಹೋದಂಗೆ ಕಾಣುತ್ತೆ, ಆಮೇಲೆ ಚರ್ಮ ತೆಳುವಾಗಿ ಫಂಗಸ್ ಇನ್ನೂ ಹರಡುತ್ತೆ.

ಮೊದಲು ತೊಡೆಸಂದು ಬಿಡಿಸಿ ನೋಡಬೇಕು. ಬರೀ ಒದ್ದೆಯಿಂದ ಆದ ರ‍್ಯಾಶ್, ಡೈಪರ್ ತಾಗೋ ಉಬ್ಬಿದ ಜಾಗದಲ್ಲಿರುತ್ತೆ, ಮಡಿಕೆಯೊಳಗೆ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಮಡಿಕೆಯೊಳಗೂ ಗಾಢ ಕೆಂಪು, ಅಂಚಲ್ಲಿ ಬಿಡಿಬಿಡಿ ಗುಳ್ಳೆ ಅಂದ್ರೆ ಹೆಚ್ಚಾಗಿ ಕ್ಯಾಂಡಿಡಾ ಫಂಗಸ್. ಆಂಟಿಬಯಾಟಿಕ್ ಆದ್ಮೇಲೆ ಇದು ಬರೋದು ಮಾಮೂಲಿ. ಜಿಂಕ್ ಒದ್ದೆ ತಡೆಯುತ್ತೆ, ಫಂಗಸ್ ಕೊಲ್ಲಲ್ಲ. ಅದಕ್ಕೇ ಇಳೀತಿಲ್ಲ.

ಡಾಕ್ಟರಿಗೆ ತೋರಿಸಿ ಖಚಿತ ಮಾಡ್ಕೊಳ್ಳಿ. ಸಾಮಾನ್ಯವಾಗಿ ಬರೆಯೋದು ಬೇರೇನೂ ಬೆರೆಸದ ಕ್ಲೋಟ್ರಿಮಜೋಲ್ 1% ಕ್ರೀಮ್: ದಿನಕ್ಕೆ ಎರಡು ಸಲ, ತೆಳ್ಳಗೆ, 7ರಿಂದ 10 ದಿನ. ಕೆಂಪು ಹೋದ ತಕ್ಷಣ ನಿಲ್ಲಿಸಿದ್ರೆ ಮರುಕಳಿಸುತ್ತೆ, ಇನ್ನೆರಡು ಮೂರು ದಿನ ಹಚ್ಚಿ. ಕೆನ್ನೆಯ ಒಳಗೆ ಒರೆಸಿದ್ರೂ ಹೋಗದ ಬಿಳಿ ಪದರ ಇದ್ರೆ ಅದನ್ನೂ ಹೇಳಿ, ಬಾಯಿಗೆ ಬೇರೆ ಔಷಧಿ ಬೇಕು.

ಫಾರ್ಮಸಿಸ್ಟ್, ಮೈಸೂರು
ಸಿಸ್ಟರ್ ಹೇಳಿದ್ದು ಸರಿ. ಹಚ್ಚೋ ಕ್ರಮ ಹೇಳ್ತೀನಿ ಮೇಡಂ. ಉಗುರುಬೆಚ್ಚಗಿನ ನೀರು ಹೊಯ್ದು ತೊಳೀರಿ, ಮೆತ್ತನೆ ಬಟ್ಟೆ ಒತ್ತಿ ಒಣಗಿಸಿ, ಉಜ್ಜಬೇಡಿ. ಮೊದಲು ಫಂಗಸ್ ಕ್ರೀಮ್. ಐದು ನಿಮಿಷ ಬಿಟ್ಟು ಜಿಂಕ್, ಅದು ದೋಸೆ ಮೇಲೆ ಬೆಣ್ಣೆ ಸವರಿದಂಗೆ ದಪ್ಪಗಿರಬೇಕು, ಕೆಳಗಿನ ಚರ್ಮ ಕಾಣಬಾರದು. ಎಲ್ಲರೂ ತಪ್ಪೋದು ಮುಂದಿನ ಸಲ. ಅಂಟಿದ ಜಿಂಕನ್ನೆಲ್ಲಾ ಕೆರೆದು ತೆಗೀತಾರೆ, ಜೊತೆಗೆ ಮಾಗ್ತಿರೋ ಚರ್ಮವೂ ಕಿತ್ತು ಬರುತ್ತೆ. ಕಕ್ಕ ತಾಗಿದ ಮೇಲ್ಪದರ ಮಾತ್ರ ಒರೆಸಿ ಮತ್ತೆ ಸವರಿ. ಸ್ನಾನದ ಹೊತ್ತಲ್ಲಿ ಕೊಬ್ಬರಿ ಎಣ್ಣೆ ಅದ್ದಿದ ಹತ್ತಿಯಲ್ಲಿ ಪೂರ್ತಿ ತೆಗೆದ್ರೆ ಸಾಕು.

ಪೌಡರ್ ಬೇಡ. ಟಾಲ್ಕ್ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತೆ. ಬೋರಿಕ್ ಪೌಡರಂತೂ ಕಿತ್ತ ಚರ್ಮದಿಂದ ರಕ್ತಕ್ಕೆ ಸೇರಿ ವಿಷವಾಗುತ್ತೆ. ಕಡಲೆಹಿಟ್ಟು, ಅರಿಶಿನ, ಸೆಂಟ್ ಇರೋ ವೈಪ್ಸ್ ಆ ಜಾಗಕ್ಕೆ ಸದ್ಯ ಬೇಡ.

ಬಟ್ಟೆ ಡೈಪರ್ ಹೊಲಿಯೋರು, ಮಂಡ್ಯ
ಬೋರ್ ನೀರು ಗಡುಸು. ಸೋಪು ಅದರ ಜೊತೆ ಸೇರಿ ಬಿಳಿ ಗಸಿಯಾಗಿ ನೂಲಿಗೆ ಅಂಟ್ಕೊಳುತ್ತೆ, ಬಟ್ಟೆ ಬಿರುಸಾಗಿ ಚರ್ಮ ತರಿಯುತ್ತೆ. ಕಕ್ಕ ತಣ್ಣೀರಲ್ಲಿ ಬಿಡಿಸಿ, ಸೋಪಿನ ಬದಲು ಸ್ವಲ್ಪ ಡಿಟರ್ಜೆಂಟ್ ಪುಡಿ ಹಾಕಿ ಬಿಸಿನೀರಲ್ಲಿ ಒಗೀರಿ. ನೊರೆ ಹೋಗೋ ತನಕ ಮೂರು ಸಲ ಜಾಲಿಸಿ, ಕೊನೇದು ಕಾವೇರಿ ನಲ್ಲಿ ನೀರಾದ್ರೆ ಒಳ್ಳೇದು. ಸುಡುಬಿಸಿಲಲ್ಲಿ ಒಣಗಿಸಿ. ಡೆಟಾಲ್, ಕಂಫರ್ಟ್ ಹಾಕ್ಬೇಡಿ.

ಬಟ್ಟೆ ಹೊಲಿಯೋಳಾದ್ರೂ ಹೇಳ್ತೀನಿ, ಬೇಧಿ ನಿಲ್ಲೋವರೆಗೂ ಹಗಲೂ ಒಳ್ಳೆ ಡೈಪರೇ ಹಾಕಿ, ಒದ್ದೆ ಒಳಗೆ ಹೀರ್ಕೊಳುತ್ತೆ. ಕಕ್ಕ ಆದ ಕೂಡ್ಲೇ, ಇಲ್ಲಾಂದ್ರೂ 2–3 ಗಂಟೆಗೊಮ್ಮೆ ಬದಲಾಯಿಸಿ. ಸೊಂಟದ ಹತ್ರ ಎರಡು ಬೆರಳು ತೂರಬೇಕು. ದಿನಕ್ಕೆ ಮೂರ್ನಾಲ್ಕು ಸಲ ರಬ್ಬರ್ ಶೀಟ್ ಮೇಲೆ ಹತ್ತು ಹದಿನೈದು ನಿಮಿಷ ಬರಿಮೈಲಿ ಬಿಡಿ.

ಪುಟ್ಟಿ ಅಮ್ಮ, ಮಂಡ್ಯ
ನಾಳೆ ಬೆಳಗ್ಗೆನೇ ತೋರಿಸ್ತೀನಿ. ಬೇಧಿಗೆ ಏನು ಮಾಡ್ಲಿ ಸಿಸ್ಟರ್?

ಮಕ್ಕಳ ವಾರ್ಡ್ ಸಿಸ್ಟರ್, ಮೈಸೂರು
ಹಾಲು, ರಾಗಿ ಸರಿ ನಿಲ್ಲಿಸಬೇಡಿ. ಪ್ರತಿ ಸಲ ಬೇಧಿ ಆದ್ಮೇಲೆ ಓಆರ್‌ಎಸ್ ಚಮಚದಲ್ಲಿ ಕುಡಿಸಿ. ಜ್ವರ, ಕೀವು, ದೊಡ್ಡ ನೀರುಗುಳ್ಳೆ, ರಕ್ತ ಒಸರೋ ಹುಣ್ಣು, ಆರು ಗಂಟೆ ಮೂತ್ರ ಇಲ್ಲದಿರೋದು, ಇದರಲ್ಲಿ ಒಂದು ಕಂಡ್ರೂ ಬೆಳಗ್ಗೆ ತನಕ ಕಾಯದೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋಗಿ. ಮೈಸೂರಲ್ಲಿದ್ರೆ ಚೆಲುವಾಂಬ ಆಸ್ಪತ್ರೆ. ಹಚ್ಚಿದ ಟ್ಯೂಬ್‌ಗಳನ್ನೆಲ್ಲಾ ಚೀಲದಲ್ಲಿ ಹಾಕ್ಕೊಂಡು ಹೋಗಮ್ಮ.