ಗಾಳಿಮಳೆಗೆ ಬಿದ್ದ ಮರ ತೆಗೆಸಲು ಎಷ್ಟು ಕೊಡುವುದು ನ್ಯಾಯ?

ಪ್ರಶ್ನೆ: ಸರ್, ನಮ್ಮ ಮನೆ ಬೆಂಗಳೂರು ದಕ್ಷಿಣದಲ್ಲಿ. ನಿನ್ನೆ ಸಂಜೆಯ ಗಾಳಿಗೆ ನಮ್ಮ ಸೈಟಿನ ಒಳಗಿದ್ದ ಗುಲ್‌ಮೊಹರ್ ಬುಡಸಮೇತ ಮಗುಚಿದೆ. ಕಾಂಡ ಕಾಂಪೌಂಡ್ ಗೋಡೆಯ ಮೇಲೆ ಕೂತಿದೆ, ಎರಡು ದಪ್ಪ ಕೊಂಬೆ ಕಾರ್ ಶೆಡ್ಡಿನ ಶೀಟಿನ ಮೇಲಿವೆ. ಕಾಂಡ ಎರಡಡಿ ದಪ್ಪ ಇರಬಹುದು. ಒಬ್ಬರು ಬಂದು ನೋಡಿ 45,000 ಕೇಳಿದರು. ಇವತ್ತೇ ಒಪ್ಪಿದರೆ ಈ ರೇಟು, ನಾಳೆಗೆ 60,000 ಆಗುತ್ತದೆ ಎಂದರು. ಇನ್ನೊಬ್ಬರು ಫೋನಿನಲ್ಲೇ 9,000 ಸಾಕು ಎಂದರು. ಯಾರನ್ನು ನಂಬಲಿ? ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಭಯವಾಗುತ್ತಿದೆ.

ಉತ್ತರ: ಮೇಡಂ, ನಾನೂ ಮರ ಕಡಿಸುವ ಕೆಲಸದವನೇ. ದುಡ್ಡಿನ ಮಾತಿಗೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ಕರೆಂಟ್ ವೈರ್ ಎಲ್ಲಾದರೂ ಕೊಂಬೆಗೆ ತಗುಲಿದೆಯಾ? ತಗುಲಿದ್ದರೆ ಯಾರೂ ಹತ್ತಿರ ಹೋಗಬೇಡಿ, ಮರ ಕಡಿಯುವವರನ್ನೂ ಬಿಡಬೇಡಿ. 1912ಕ್ಕೆ ಫೋನ್ ಮಾಡಿ. ಬೆಸ್ಕಾಂನ ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿದ ಮೇಲೆಯೇ ಗರಗಸ ಮುಟ್ಟಬೇಕು. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಈಗ ರೇಟು. ನಿಮ್ಮ ಮರದಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಶೀಟಿನ ಮೇಲಿನ ಕೊಂಬೆ ಇಳಿಸಿ, ಕಾಂಡ ಜಾರದಂತೆ ಹಗ್ಗ ಬಿಗಿದು ಮನೆಯನ್ನು ಅಪಾಯದಿಂದ ಬಿಡಿಸುವುದು ಮೊದಲನೆಯದು. ಇದು ಇವತ್ತೇ ಆಗಬೇಕು. ಕಾಂಡ ತುಂಡು ಮಾಡುವುದು, ಎತ್ತುವುದು, ಸಾಗಿಸುವುದು, ಬೊಡ್ಡೆ ಕೀಳುವುದು ಎರಡನೆಯದು. ಅದು ವಾರ ಬಿಟ್ಟು ಆದರೂ ಏನೂ ಆಗುವುದಿಲ್ಲ. ತುರ್ತು ರೇಟು ಕೇಳುವ ಹಕ್ಕು ನಮಗೆ ಇರುವುದು ಮೊದಲನೆಯದಕ್ಕೆ ಮಾತ್ರ. ಎರಡನ್ನೂ ಸೇರಿಸಿ "ಇವತ್ತು ಒಪ್ಪಿ, ಇಲ್ಲದಿದ್ದರೆ ಜಾಸ್ತಿ" ಎನ್ನುವವರು ನಿಮ್ಮ ಭಯಕ್ಕೆ ಬೆಲೆ ಕಟ್ಟುತ್ತಿದ್ದಾರೆ. ಇದು ನಮ್ಮ ಕಸುಬಿಗೇ ಕೆಟ್ಟ ಹೆಸರು ತರುತ್ತದೆ, ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನೀವು ಹೇಳಿದ ಅಳತೆಗೆ ನಾನಾಗಿದ್ದರೆ ಹೀಗೆ ಲೆಕ್ಕ ಹಾಕುತ್ತಿದ್ದೆ. ಇವತ್ತಿನ ಕೆಲಸಕ್ಕೆ ಮರ ಹತ್ತುವ, ಮೆಷಿನ್ ಹಿಡಿಯುವ ಇಬ್ಬರು, ತಲಾ 2,000. ಹೆಲ್ಪರ್ ಮೂವರು, ತಲಾ 1,000. ಒಟ್ಟು ಕೂಲಿ 7,000. ತುರ್ತಿಗೆ ಅದರ ಮೇಲೆ ಅರ್ಧ ಸೇರಿಸಿ 10,500. ಮೆಷಿನ್, ಪೆಟ್ರೋಲ್, ಹಗ್ಗಕ್ಕೆ 1,500. ಅಲ್ಲಿಗೆ 12,000. ಆಮೇಲಿನ ಕೆಲಸಕ್ಕೆ ಕ್ರೇನ್ ಅರ್ಧ ದಿನಕ್ಕೆ 6,000, ಮಾಮೂಲಿ ಕೂಲಿ 4,000, ಟಿಪ್ಪರ್ ಎರಡು ಲೋಡ್ 7,000. ಸೇರಿ 17,000. ನನ್ನ ಓಡಾಟ, ಲಾಭ 4,000. ಒಟ್ಟು 33,000. ಬೊಡ್ಡೆ ಇದರಲ್ಲಿ ಸೇರಿಲ್ಲ. ಇದು ನನ್ನ ಲೆಕ್ಕ, ಏರಿಯಾಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಆದರೆ ಯಾರೇ ಆಗಲಿ ಹೀಗೆ ಬಿಡಿಸಿ ಹೇಳಬೇಕು. ಹೇಳಲು ಒಪ್ಪದವರಿಗೆ ಕೆಲಸ ಕೊಡಬೇಡಿ.

9,000ದವರ ಬಗ್ಗೆ ನನಗೆ ಜಾಸ್ತಿ ಚಿಂತೆ. ನೋಡದೆ ಹೇಳಿದ ರೇಟು ಅದು. ಕೊಂಬೆ ಕತ್ತರಿಸಿ ಅಲ್ಲೇ ಬಿಟ್ಟು ಹೋಗಬಹುದು. ಇಲ್ಲವೇ ಹಗ್ಗ, ಹೆಲ್ಮೆಟ್ ಇಲ್ಲದೆ ಹುಡುಗರನ್ನು ಹತ್ತಿಸಬಹುದು. ಬಿದ್ದ ಮರ ಕಡಿಯುವುದು ನಿಂತ ಮರ ಕಡಿಯುವುದಕ್ಕಿಂತ ಅಪಾಯ. ಬಾಗಿ ಸಿಕ್ಕಿಕೊಂಡ ಕೊಂಬೆಯಲ್ಲಿ ಬಿಗಿತ ಇರುತ್ತದೆ, ತಪ್ಪು ಕಡೆ ಗರಗಸ ಇಟ್ಟರೆ ಅದು ಮುಖಕ್ಕೇ ಸಿಡಿಯುತ್ತದೆ. ಬೇರುಸಮೇತ ಬಿದ್ದಿದ್ದರೆ ಇನ್ನೊಂದು ತೊಂದರೆ. ಕಾಂಡವನ್ನು ಬುಡದ ಹತ್ತಿರ ಕತ್ತರಿಸಿದ ಕೂಡಲೇ ಬೇರು, ಮಣ್ಣಿನ ಗಡ್ಡೆ ಸಮೇತ ಬುಡ ವಾಪಸ್ ಎದ್ದು ನಿಲ್ಲಬಹುದು. ಬೇರು ಕಿತ್ತು ಬಂದ ಗುಂಡಿಯಲ್ಲಿ ಯಾರಾದರೂ ಇದ್ದರೆ ಕಥೆ ಮುಗಿಯಿತು. ಮಕ್ಕಳನ್ನು ಅತ್ತ ಸುಳಿಯಲು ಬಿಡಬೇಡಿ.

ಪ್ರಶ್ನೆ: ಅಣ್ಣಾ, ಕ್ರೇನ್ ಹೆಸರು ಹೇಳಿ ಸುಮ್ನೆ ಬಿಲ್ ಏರಿಸುತ್ತಾರೆ ಅಲ್ವಾ? ನಾಲ್ಕು ಜನ ಹಗ್ಗ ಹಾಕಿ ಎಳೆದರೆ ಆಗುವುದಿಲ್ಲವೇ?

ಉತ್ತರ: ಎಲ್ಲ ಕಡೆ ಕ್ರೇನ್ ಬೇಕಿಲ್ಲ. ಮರ ಖಾಲಿ ಜಾಗದಲ್ಲಿ ಬಿದ್ದಿದ್ದರೆ ಕ್ರೇನ್ ದಂಡ. ಇಲ್ಲಿ ಗೋಡೆಯ ಮೇಲಿದೆ. ಎರಡಡಿ ದಪ್ಪ, ಹತ್ತಡಿ ಉದ್ದದ ಹಸಿ ತುಂಡು ಆರೇಳು ನೂರು ಕೆಜಿ ತೂಗುತ್ತದೆ. ಅದನ್ನು ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಗೋಡೆ ಮತ್ತೆ ಕಟ್ಟಿಸುವ ಖರ್ಚಿನ ಮುಂದೆ ಕ್ರೇನ್ ಬಾಡಿಗೆ ಕಮ್ಮಿ. ಗೋಡೆ ಮೇಲೆಯೇ ಸಣ್ಣ ಸಣ್ಣ ತುಂಡು ಮಾಡಿ ಇಳಿಸಬಹುದು, ಆದರೆ ಇನ್ನೊಂದು ದಿನದ ಕೂಲಿ ಬೀಳುತ್ತದೆ. ಕ್ರೇನ್ ಬಾಡಿಗೆ ಎಷ್ಟು ಗಂಟೆಗೆ, ಬರುವ ಹೋಗುವ ಸಮಯ ಅದರಲ್ಲಿ ಸೇರಿದೆಯಾ ಎಂದು ಮೊದಲೇ ಕೇಳಿ. ಕಡಿಯುವವರು ತಮ್ಮ ಕೆಲಸ ಮೊದಲೇ ಮಾಡಿಟ್ಟುಕೊಳ್ಳದೆ ಕ್ರೇನ್ ಕರೆಸಿದರೆ, ಅದು ಸುಮ್ಮನೆ ನಿಂತ ಗಂಟೆಗೂ ನೀವೇ ಕೊಡಬೇಕಾಗುತ್ತದೆ.

ಪ್ರಶ್ನೆ: ನಮಗೆ ಬಂದವರು "ಪರ್ಮಿಷನ್‌ಗೆ 8,000 ಬೇರೆ" ಎಂದರು. ಅದು ಸರಿಯೇ? ನಮ್ಮದು ರಸ್ತೆ ಬದಿಯ ಮರ, ಗೇಟಿಗೆ ಅಡ್ಡ ಬಿದ್ದಿದೆ.

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ರಸ್ತೆ ಬದಿಯ ಮರ ಪಾಲಿಕೆಯದು, ತೆಗೆಯುವುದೂ ಅವರ ಕೆಲಸ. 1533ಕ್ಕೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ದೊಡ್ಡ ಗಾಳಿಮಳೆಯ ಮರುದಿನ ಅವರಿಗೂ ನೂರಾರು ಕರೆ ಇರುತ್ತವೆ. 2024ರ ಜೂನ್ 2ರಂದು ಬೆಂಗಳೂರಿಗೆ ಒಂದೇ ದಿನ 111 ಮಿಲಿಮೀಟರ್ ಮಳೆ ಬಂತು, ಊರ ತುಂಬಾ ಮರ ಉರುಳಿದ್ದವು. ಅಂಥ ದಿನ ಕಾಯಬೇಕಾಗುತ್ತದೆ. ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡಿದ್ದರೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.

ಸ್ವಂತ ಜಾಗದ ಮರಕ್ಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆದರೆ ಗಾಳಿಗೆ ಬಿದ್ದ, ಜೀವಕ್ಕೋ ಆಸ್ತಿಗೋ ಅಪಾಯವಾದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ಗೆ ಅನುಮತಿಯೇ ಬೇಡ. ನೀವೇ ಫೋಟೋ ಜೊತೆ ಅರ್ಜಿ ಕೊಡಿ. ಆ ನೆಪದಲ್ಲಿ ಸಾವಿರಗಟ್ಟಲೆ ಕೇಳುವವರಿಗೆ ಅರ್ಜಿಯ ಪ್ರತಿ, ರಸೀದಿ ತೋರಿಸಿ ಎನ್ನಿ.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಹಿತ್ತಲಿನ ಹಳೇ ಹಲಸಿನ ಮರ ಬಿದ್ದಿದೆ. ಒಬ್ಬರು "ದುಡ್ಡು ಬೇಡ, ಮರ ನಾವೇ ತಗೊಂಡು ಹೋಗುತ್ತೇವೆ" ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಅವಸರಪಡಬೇಡಿ ಸರ್. ಗುಲ್‌ಮೊಹರ್ ಆದರೆ ಸೌದೆಗಷ್ಟೇ. ಹಲಸು ಹಾಗಲ್ಲ, ಬಾಗಿಲು, ಪೀಠೋಪಕರಣಕ್ಕೆ ಬರುವ ಮರ. ಪೊಳ್ಳಿಲ್ಲದ ನೇರ ಕಾಂಡವಾದರೆ ಕೂಲಿ ಕಳೆದೂ ನಿಮಗೇ ದುಡ್ಡು ಬರಬೇಕು. ಕಾಂಡವನ್ನು ಗಿಡ್ಡ ತುಂಡು ಮಾಡಲು ಬಿಡಬೇಡಿ, ಬೆಲೆ ಬಿದ್ದುಹೋಗುತ್ತದೆ. ಸುತ್ತಳತೆ, ಉದ್ದ ಅಳೆದುಕೊಂಡು ಹತ್ತಿರದ ಸಾಮಿಲ್‌ನಲ್ಲಿ ರೇಟು ಕೇಳಿ. ಬಿದ್ದದ್ದು ತೇಗ, ಬೀಟೆ, ಗಂಧವಾಗಿದ್ದರಂತೂ ಅರಣ್ಯ ಇಲಾಖೆಗೆ ತಿಳಿಸದೆ ಒಂದು ತುಂಡನ್ನೂ ಹೊರಗೆ ಕಳಿಸಬೇಡಿ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಧೈರ್ಯ ಬಂತು ಸರ್. ವೈರ್ ತಗುಲಿಲ್ಲ. ಇನ್ಶೂರೆನ್ಸ್‌ನಿಂದ ಏನಾದರೂ ಬರುತ್ತದೆಯೇ? ಅವರು ಅರ್ಧ ಅಡ್ವಾನ್ಸ್ ಕೇಳುತ್ತಿದ್ದಾರೆ.

ಉತ್ತರ: ಮರ ಮುಟ್ಟುವ ಮೊದಲು ನಾಲ್ಕೂ ಕಡೆಯಿಂದ ಫೋಟೋ, ವಿಡಿಯೋ ತೆಗೆದು ಕಂಪನಿಗೆ ತಿಳಿಸಿ. ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದ್ದರೆ ಬಿರುಗಾಳಿಯ ಹಾನಿ, ಮರ ಬಿದ್ದ ಹಾನಿ ಎರಡೂ ಅದರಲ್ಲಿ ಬರುತ್ತವೆ. ಅವಶೇಷ ತೆಗೆಯುವ ಖರ್ಚಿಗೆ ಮಾತ್ರ ಕ್ಲೇಮಿನ ಶೇಕಡಾ 2ರವರೆಗೆ ಅಷ್ಟೇ. ಅಂದರೆ ನಮ್ಮ ಬಿಲ್ಲಿನ ಬಹುಪಾಲು ನಿಮ್ಮ ಕೈಯಿಂದಲೇ ಹೋಗುತ್ತದೆ, ಅದಕ್ಕೇ ಚೌಕಾಸಿ ಮಾಡಿ. ಕಾರಿಗೆ ಪೆಟ್ಟಾಗಿದ್ದರೆ ಫುಲ್ ಇನ್ಶೂರೆನ್ಸ್ ಇರಬೇಕು, ಬರೀ ಥರ್ಡ್ ಪಾರ್ಟಿಯಲ್ಲಿ ಸಿಗುವುದಿಲ್ಲ.

ಅಡ್ವಾನ್ಸ್ ಅರ್ಧ ಬೇಡ. ಜನ, ಮೆಷಿನ್ ಮನೆ ಮುಂದೆ ಬಂದ ಮೇಲೆ ಇವತ್ತಿನ ಕೆಲಸದ ಮೂರನೇ ಒಂದು ಭಾಗ ಕೊಡಿ. ಕಡಿಯುವುದು, ಇಳಿಸುವುದು, ಲೋಡ್ ಮಾಡುವುದು, ಸಾಗಿಸುವುದು, ಗುಡಿಸುವುದು, ಬೊಡ್ಡೆ, ಇದರಲ್ಲಿ ಯಾವುದು ಸೇರಿದೆ ಯಾವುದು ಇಲ್ಲ ಎಂದು ಅವರಿಂದಲೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಇವತ್ತು ಶೀಟಿನ ಮೇಲಿನ ಕೊಂಬೆ ಇಳಿಸಿ ಕಾಂಡ ಬಿಗಿಸಲಿ, ಅದಕ್ಕೆ 12,000ದ ಆಸುಪಾಸು ಮಾತಾಡಿ. ಆ ಕೆಲಸ ಆಗುವವರೆಗೆ ಅತ್ತೆಯವರನ್ನು ಶೆಡ್ಡಿನ ಕಡೆಯ ಕೋಣೆಯಲ್ಲಿ ಮಲಗಿಸಬೇಡಿ. ಉಳಿದದ್ದಕ್ಕೆ ಇನ್ನಿಬ್ಬರನ್ನು ಕರೆಸಿ, ಮರ ತೋರಿಸಿಯೇ ರೇಟು ಕೇಳಿ.